ಅನಂತರಾಮು ಕಾರ್ಬನ್ ಕೆರೆದದ್ದು

ಜೀವನ್ ಬಿಮಾ ನಗರದ ಅನಂತರಾಮುವಿಗೆ ದೇವರು ಬಹಳಷ್ಟನ್ನು ಕೊಟ್ಟಿದ್ದ. ಸಭೆಯಲ್ಲಿ ಬಾಯಿ ಮುಚ್ಚಿಕೊಂಡು ಕೂರುವ ಶಕ್ತಿಯೊಂದನ್ನು ಮಾತ್ರ ಕೊಡಲು ಮರೆತಿದ್ದ. ವಿಮಾನ ಕಾರ್ಖಾನೆಯ ಸ್ಟೋರ್ಸ್ ವಿಭಾಗದಲ್ಲಿ ಅರ್ಧ ಆಯುಷ್ಯ ಕಳೆದು, ಸ್ವಯಂ ನಿವೃತ್ತಿ ತೆಗೆದುಕೊಂಡು, ಬಂದ ದುಡ್ಡಿನಲ್ಲಿ ಅವನೊಂದು ಬೇಕರಿ ತೆರೆದಿದ್ದ. ಅದಕ್ಕೆ ಹೆಂಡತಿಯ ಹೆಸರನ್ನೇ ಇಟ್ಟು ‘ಅಂಬುಜಾ ಬೇಕರಿ’ ಎಂದು ಕರೆದ. ಪ್ರೀತಿಯಿಂದ ಎಂದು ನೆಂಟರೆಲ್ಲ ತಿಳಿದರು. ನಿಜ ಏನೆಂದರೆ, ಬೇಕರಿ ಬೇಡವೇ ಬೇಡ ಎಂದು ಹಟ ಹಿಡಿದಿದ್ದ ಅಂಬುಜಾಳನ್ನು ಒಪ್ಪಿಸಲು ಅವನಿಗೆ ಬೇರೆ ದಾರಿ ಇರಲಿಲ್ಲ.

ಅಂಗಡಿಯ ಹಿಂದೆ ಸೌದೆಯ ದೊಡ್ಡ ಒಲೆ. ಅದನ್ನು ನೋಡಿಕೊಳ್ಳುವವನು ಬಸಣ್ಣ. ಬಸಣ್ಣನಿಗೆ ಒಲೆಯ ಶಾಖ ತಾಕಿದರೆ ಸಾಕು, ತಾಯಿಯ ಮಡಿಲು ಸಿಕ್ಕಂತೆ ನಿದ್ದೆ ಬಂದುಬಿಡುತ್ತಿತ್ತು. ಅವನು ಗೊರಕೆ ಹೊಡೆಯುವಷ್ಟರಲ್ಲಿ ಒಳಗೆ ಬ್ರೆಡ್ಡಿನ ತಳ ಸೀದು ಕರಿಯಾಗುತ್ತಿತ್ತು. ಗಿರಾಕಿಗಳು ಗೊಣಗಿದರು. ಅನಂತರಾಮು ಚಾಕು ಹಿಡಿದು ಕೂತು ಒಂದೊಂದೇ ಬ್ರೆಡ್ಡಿನ ತಳ ಕೆರೆಯತೊಡಗಿದ. ತನ್ನ ಹಳೆಯ ಸ್ಕೂಟರಿನ ಸೈಲೆನ್ಸರ್ ಒಳಗಿನ ಮಸಿಯನ್ನು ಮೆಕ್ಯಾನಿಕ್ ಕೆರೆಯುವಾಗ “ಬರೀ ಕಾರ್ಬನ್ ಸಾರ್” ಎನ್ನುತ್ತಿದ್ದದ್ದು ಅವನ ನೆನಪಿನಲ್ಲಿತ್ತು. ಆದ್ದರಿಂದ ಅವನೂ ಸೀದದ್ದಕ್ಕೆ ಸೀದದ್ದು ಎನ್ನುವುದನ್ನು ಬಿಟ್ಟು, ಗಂಭೀರವಾಗಿ ‘ಕಾರ್ಬನ್’ ಎನ್ನಲು ಶುರು ಮಾಡಿದ. ಆಮೇಲೆ ಬಸಣ್ಣನ ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು, ಅವನು ತೂಕಡಿಸಿದಾಗಲೆಲ್ಲ ಪಕ್ಕೆಗೆ ತಿವಿದು, ಆ ಕರಿಯನ್ನು ಬಹುಪಾಲು ನಿಲ್ಲಿಸಿಯೂ ಬಿಟ್ಟ. ಜೀವನದಲ್ಲಿ ಏನೋ ಸಾಧಿಸಿದೆ ಎಂಬ ತೃಪ್ತಿ ಅವನ ಮುಖದಲ್ಲಿ ಕಾಣತೊಡಗಿತು.

ಇಂಥ ತೃಪ್ತಿಯಲ್ಲಿದ್ದಾಗಲೇ ಎರಡು ಸಾವಿರದ ಏಳರ ಗಣೇಶನ ಹಬ್ಬ ಕಳೆದು, ಬಡಾವಣೆಯ ಸಂಘದವರು ಅಂಗಡಿಕಾರರ ಸಭೆ ಕರೆದರು. ಸಂಘದ ಅಧ್ಯಕ್ಷರು ಮಾನಪ್ಪನವರು, ವಿಮಾ ಕಚೇರಿಯಿಂದ ನಿವೃತ್ತರಾದವರು. ಬಡಾವಣೆಯ ಪ್ರತಿಯೊಬ್ಬರ ಪ್ರಾಣವೂ ಇನ್ನೂ ತಮ್ಮ ಜವಾಬ್ದಾರಿಯಲ್ಲೇ ಇದೆ ಎಂಬ ನಂಬಿಕೆ ಅವರದು. ಮುಖ್ಯ ಅತಿಥಿ, ಸಣ್ಣ ಉದ್ದಿಮೆಗಳ ಇಲಾಖೆಯ ಅಧಿಕಾರಿ ಪೀರಪ್ಪನವರು, ಧಾರವಾಡದ ಕಡೆಯವರು. ಪಾಪ, ಅವರು ಬಣ್ಣಬಣ್ಣದ ಚಿತ್ರಗಳನ್ನು ತೋರಿಸಲೆಂದು ಪ್ರೊಜೆಕ್ಟರ್ ಹೊತ್ತು ತಂದಿದ್ದರು. ಅವರು ಸ್ವಿಚ್ ಒತ್ತಿದ್ದಕ್ಕೂ ಕರೆಂಟ್ ಹೋದದ್ದಕ್ಕೂ ಸರಿಹೋಯಿತು. ಕಾರ್ಬನ್ ಎಂದರೆ ಏನು ಎಂಬುದು ಆ ಚಿತ್ರಗಳಲ್ಲೇ ಉಳಿಯಿತು. ಪೀರಪ್ಪನವರು ಬರೀ ಬಾಯಲ್ಲಿ ಭಾಷಣ ಮುಗಿಸಬೇಕಾಯಿತು.

“ನೋಡ್ರೀ, ದೊಡ್ಡ ಫ್ಯಾಕ್ಟರಿಯವ್ರು ಮಾಡ್ತಾರ, ಬಿಡ್ತಾರ. ನಿಮ್ಮಂಥ ಸಣ್ಣ ಅಂಗಡಿಯವ್ರು ಕಾರ್ಬನ್ ಕಡಿಮಿ ಮಾಡಬೇಕ್ರೀ. ಹಳೇ ಒಲಿ, ಹಳೇ ಮಷೀನ್ ಬದಲಿ ಮಾಡೋರಿಗೆ ಸರಕಾರ ಅರ್ಧ ಖರ್ಚು ಕೊಡತೈತಿ. ಆದ್ರ ಬರೇ ಮಷೀನ್ ಬದಲಾದ್ರ ಸಾಲದು, ನಮ್ಮ ರೂಢಿನೂ ಬದಲಾಗಬೇಕು. ಇಲ್ಲಿ ಯಾರರೆ ಈಗಾಗಲೇ ಕಾರ್ಬನ್ ಕಡಿಮಿ ಮಾಡೀರೇನ್ರೀ?”

ಜೆರಾಕ್ಸ್ ಅಂಗಡಿಯವನು, ಈಗ ಕಾರ್ಬನ್ ಹಾಳೆಯನ್ನು ಕೇಳುವವರೇ ಇಲ್ಲವಲ್ಲ ಎಂದು ಪಕ್ಕದವನ ಕಿವಿಯಲ್ಲಿ ಉಸುರಿದ. ಔಷಧಿ ಅಂಗಡಿಯವನು ಎದ್ದು, “ನಮ್ಮಲ್ಲಿ ಸ್ಟಾಕ್ ಇಲ್ಲ ಸಾರ್” ಎಂದು ಕೂತ. ಪೀರಪ್ಪನವರ ಮುಖ ಬಾಡಿತು. ಊರೂರು ತಿರುಗಿದರೂ ಅವರ ಯೋಜನೆಗೆ ಒಬ್ಬ ಅಂಗಡಿಕಾರನೂ ಸಿಕ್ಕಿರಲಿಲ್ಲ. ಈ ಸಲವೂ ಸಿಗದಿದ್ದರೆ ಯೋಜನೆಗೆ ಬೀಗ, ತಮಗೆ ದೂರದೂರಿಗೆ ವರ್ಗ ಎಂದು ಮೇಲಿನವರು ಹೇಳಿಯಾಗಿತ್ತು.

ಆಗ ಹಿಂದಿನ ಸಾಲಿನಿಂದ ಒಂದು ಕೈ ಮೇಲೆದ್ದಿತು. ಅದು ಅನಂತರಾಮುವಿನ ಕೈ.

“ನಾನು ಮಾಡಿದೀನಿ ಸಾರ್. ಮುಕ್ಕಾಲು ಭಾಗ ಕಡಿಮೆ ಮಾಡ್ಬಿಟ್ಟಿದೀನಿ.”

ಪೀರಪ್ಪನವರು ಕುರ್ಚಿಯಿಂದ ಎದ್ದೇಬಿಟ್ಟರು. “ಮುಕ್ಕಾಲು? ಮೊದಲ ಎಷ್ಟಿತ್ರೀ?”

“ಅಯ್ಯೋ, ದಿನಾ ಬುಟ್ಟಿಗಟ್ಲೆ ಸಾರ್! ಈಗ ಒಂದು ಚಮಚ ಸಿಕ್ಕಿದ್ರೆ ಹೆಚ್ಚು.”

“ಏನ್ ಮಾತ್ರೀ ಅದು! ಹೆಂಗ ಮಾಡಿದ್ರಿ?”

“ಕಣ್ಣಿಡ್ಬೇಕು ಸಾರ್. ಕೆಲಸದೋರು ಮಲಗೋಕೆ ಬಿಡ್ಬಾರ್ದು.”

“ಕೇಳ್ರಿ, ಕೇಳ್ರಿ ಎಲ್ಲಾರೂ! ಇದಕ್ಕೇ ನಾವು ರೂಢಿ ಬದಲಾವಣಿ ಅನ್ನೋದು. ಸರಕಾರದ ಸಹಾಯ ಏನರ ತಗೊಂಡಿರೇನು?”

“ಇದಕ್ಯಾಕೆ ಸಾರ್ ಸರ್ಕಾರ? ಒಂದು ಚಾಕು ಸಾಕು.”

ಪೀರಪ್ಪನವರು ಹೊಟ್ಟೆ ಹಿಡಿದು ನಕ್ಕರು. ಅನವಶ್ಯಕವಾದದ್ದನ್ನೆಲ್ಲ ಕತ್ತರಿಸಿ ಹಾಕಬೇಕು ಎಂಬುದನ್ನು ಈ ಮನುಷ್ಯ ಎಷ್ಟು ಚಂದ ಹೇಳಿದ ಎಂದು ಅವರಿಗೆ ಅನ್ನಿಸಿತು. ಮಾನಪ್ಪನವರು ಚಪ್ಪಾಳೆ ಶುರು ಮಾಡಿದರು. ದಸರಾ ಕಳೆದ ಮೇಲೆ ವಿಧಾನಸೌಧದಿಂದ ದೊಡ್ಡ ಮೇಡಂ ಬರುವವರಿದ್ದಾರೆ, ಅವರಿಗೆ ತೋರಿಸುವ ಮಾದರಿ ಅಂಗಡಿ ಅಂಬುಜಾ ಬೇಕರಿಯೇ ಎಂದು ಪೀರಪ್ಪನವರು ಅಲ್ಲಿಯೇ ಘೋಷಿಸಿದರು. ಅನಂತರಾಮು ಮನೆಗೆ ನಡೆದು ಬಂದನೋ ಹಾರಿ ಬಂದನೋ ಅವನಿಗೇ ತಿಳಿಯಲಿಲ್ಲ.

ಊಟಕ್ಕೆ ಕೂತಾಗ ಇಡೀ ಕಥೆಯನ್ನು ಹೆಂಡತಿ ಮಗಳ ಮುಂದೆ ಸವಿಸ್ತಾರವಾಗಿ ಬಿತ್ತರಿಸಿದ. ಮಗಳು ಇಂಚರಾ ಬಿ.ಎಸ್ಸಿ. ಓದುತ್ತಿದ್ದಳು. ತುತ್ತು ಅರ್ಧಕ್ಕೆ ನಿಲ್ಲಿಸಿ ಕೇಳಿದಳು:

“ಅಪ್ಪ, ಯಾವ ಕಾರ್ಬನ್ನು?”

“ಅದೇ ಕಣೇ, ಬ್ರೆಡ್ ತಳದ್ದು.”

ಇಂಚರಾ ನೀರು ಕುಡಿದು, ಸಮಾಧಾನವಾಗಿ, ಅಪ್ಪನಿಗೆ ತಿಳಿಯುವಂತೆ ಹೇಳಿದಳು. ಸೌದೆ ಉರಿಸಿದರೆ, ಡೀಸೆಲ್ ಉರಿಸಿದರೆ, ಬೇಡದ ಕಡೆ ಕರೆಂಟ್ ಸುಟ್ಟರೆ ಹೊಗೆಯ ಜೊತೆ ಕಣ್ಣಿಗೆ ಕಾಣದ ಗಾಳಿಯೊಂದು ಮೇಲೇರುತ್ತದೆ. ಅದರಿಂದ ಭೂಮಿ ಬಿಸಿಯಾಗುತ್ತದೆ. ಸರ್ಕಾರ ಹೇಳಿದ ಕಾರ್ಬನ್ ಅದು.

ಅನಂತರಾಮುವಿನ ಕೈ ಸಾರಿನಲ್ಲೇ ನಿಂತಿತು. ಕಣ್ಣ ಮುಂದೆ ತನ್ನ ಬೇಕರಿ ಬಂದು ನಿಂತಿತು. ಬೆಳಗಿನಿಂದ ರಾತ್ರಿಯವರೆಗೆ, ಒಳಗೆ ಬ್ರೆಡ್ ಇರಲಿ ಬಿಡಲಿ, ಉರಿಯುವ ಒಲೆ. ಕರೆಂಟ್ ಹೋದ ಕೂಡಲೇ ಬೀದಿ ನಡುಗಿಸುವ ಡೀಸೆಲ್ ಜನರೇಟರ್. ಹಗಲು ಹೊತ್ತಿನಲ್ಲೂ ಶೋಕೇಸಿನೊಳಗೆ ಮದುವೆ ಮಂಟಪದಂತೆ ಹೊಳೆಯುವ ಬಲ್ಬುಗಳು. ಯಾರೂ ಕೊಳ್ಳದ ಐಸ್‌ಕ್ರೀಮಿಗೆ ಹಗಲಿರುಳು ಗುರುಗುಡುವ ಫ್ರಿಜ್ಜು. ಬಡಾವಣೆಯಲ್ಲಿ ಕಾರ್ಬನ್ ಎಂಬುದಕ್ಕೆ ಒಂದು ಕುಲದೇವರ ಗುಡಿ ಇದ್ದರೆ ಅದು ಅಂಬುಜಾ ಬೇಕರಿಯೇ ಆಗಿತ್ತು.

“ನಾಳೆ ಹೋಗಿ, ತಪ್ಪು ತಿಳ್ಕೊಂಡಿದ್ದೆ ಅಂತ ಹೇಳ್ಬಿಡಿ” ಎಂದಳು ಅಂಬುಜಾ.

“ಚಪ್ಪಾಳೆ ಹೊಡೆದಿದಾರೆ ಕಣೇ! ಅದನ್ನ ವಾಪಸ್ ಕೊಡೋಕಾಗುತ್ತಾ?”

ಮರುದಿನದ ಹೊತ್ತಿಗೆ ವಾಪಸ್ ಕೊಡುವ ದಾರಿಯೂ ಮುಚ್ಚಿಹೋಗಿತ್ತು. ಮಾನಪ್ಪನವರು ಬಡಾವಣೆಯ ಮುಖ್ಯರಸ್ತೆಗೆ ಅಡ್ಡಲಾಗಿ ಬಟ್ಟೆಯ ಬ್ಯಾನರ್ ಕಟ್ಟಿಸಿದ್ದರು: ‘ಕಾರ್ಬನ್ ಇಲ್ಲದ ಬೇಕರಿ ಇರುವ ಬಡಾವಣೆಗೆ ಸುಸ್ವಾಗತ’. ಗಿರಾಕಿಗಳು ಸುಮ್ಮನಿದ್ದಾರೆಯೇ? ಒಬ್ಬಾಕೆ ಬಂದು, “ಅಂದ್ರೆ ಇಷ್ಟು ದಿನ ನಮಗೆ ಕಾರ್ಬನ್ ಹಾಕಿ ಕೊಡ್ತಿದ್ರಾ?” ಎಂದು ಜಗಳ ತೆಗೆದಳು. ಸಕ್ಕರೆ ಕಾಯಿಲೆಯ ಹಿರಿಯರೊಬ್ಬರು, “ಕಾರ್ಬನ್ ಇಲ್ಲ ಅಂದ್ಮೇಲೆ ನಾನು ಬೆಣ್ಣೆ ಬಿಸ್ಕತ್ತು ತಿನ್ನಬಹುದಲ್ವಾ?” ಎಂದು ಆಸೆಯಿಂದ ಕೇಳಿದರು. ಅನಂತರಾಮು ಯಾರಿಗೆ ಏನು ಹೇಳಿದನೋ, ಅಂಗಡಿಯನ್ನು ಅಂಬುಜಾಳ ಕೈಗೆ ಕೊಟ್ಟು ಶಿವಾಜಿನಗರದ ಬಸ್ಸು ಹತ್ತಿದ.

ರಸೆಲ್ ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ ಅಕ್ತರ್ ಬೇಕರಿ. ಒಂದೇ ಮಂಡಿಯಲ್ಲಿ ಮೈದಾ ಕೊಳ್ಳುತ್ತ ಅಕ್ತರನಿಗೂ ಅನಂತರಾಮುವಿಗೂ ಸ್ನೇಹ ಬೆಳೆದಿತ್ತು. ಗಲ್ಲಾದ ಹಿಂದೆ ಕೂರುವವರು ಅಕ್ತರನ ತಾಯಿ ಶರ್ಫುನ್ನೀಸಾ. ಬೇಕರಿಯ ಹೆಸರು ಅಕ್ತರನದಾದರೂ ಮಾತು ನಡೆಯುತ್ತಿದ್ದದ್ದು ಅವರದೇ. ಅನಂತರಾಮುವಿನ ಇಳಿಮುಖ ನೋಡಿ ಅವರು ಮಗನನ್ನು ಕೂಗಿದರು.

“ಅಕ್ತರ್, ಅನಂತು ಬಂದಾನೆ ನೋಡು. ಏನೋ ಬೀಮಾರಿ ಇದ್ದಂಗಿದೆ.”

“ಬೀಮಾರಿ ಅಲ್ಲ ಅಮ್ಮಾ, ಕಾರ್ಬನ್ನು” ಎಂದ ಅನಂತರಾಮು.

“ಯಾ ಅಲ್ಲಾ! ಡಾಕ್ಟರ್ ಏನಂದ್ರು?”

ಅವನು ಎಲ್ಲವನ್ನೂ ಹೇಳಿದ. ಅಕ್ತರ್ ಗಡ್ಡ ಕೆರೆದುಕೊಂಡು ಯೋಚಿಸಿದ. ಅಕ್ತರನ ಮನಸ್ಸು ಬಂಗಾರ. ಆದರೆ ಅವನ ಸಲಹೆ ಕೇಳಿ ಉದ್ಧಾರವಾದವರು ಶಿವಾಜಿನಗರದಲ್ಲಿ ಯಾರೂ ಇರಲಿಲ್ಲ.

“ಅರೆ, ಇಷ್ಟೇನಾ? ಹೊಗೆ ಕಾಣ್ಬಾರ್ದು, ಅಷ್ಟೇ ತಾನೆ? ಗೋಣಿಚೀಲ ನೀರಲ್ಲಿ ನೆನ್ಸಿ ಚಿಮಣಿ ಬಾಯಿಗೆ ಹಾಕ್ಬಿಡಿ ಸ್ವಾಮಿ. ಹೊಗೆ ಅದ್ರಲ್ಲೇ ಕೂತ್ಕೊಂಡ್ಬಿಡ್ತದೆ. ಫಿಕರ್ ನಕ್ಕೋ, ಚಿಂತೆ ಬಿಡಿ!”

ಹೊಗೆಗೆ ಕೂರುವ ಅಭ್ಯಾಸ ಇಲ್ಲ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ.

ಮೇಡಂ ಬರುವ ಮೊದಲು ಒಮ್ಮೆ ನೋಡಿಹೋಗುತ್ತೇನೆಂದು ಪೀರಪ್ಪನವರು ತಿಳಿಸಿದ್ದರು. ಆ ಬೆಳಿಗ್ಗೆ ಅನಂತರಾಮು ಏಣಿ ಹಾಕಿ ಹತ್ತಿ, ಚಿಮಣಿಯ ಬಾಯಿಗೆ ಒದ್ದೆ ಗೋಣಿಚೀಲ ತುರುಕಿದ. ಕೆಳಗಿಳಿದು ಬಸಣ್ಣನಿಗೆ ಉರಿ ಹಾಕೆಂದ. ಮೊದಲು ಏನೂ ಆಗಲಿಲ್ಲ. ಅನಂತರಾಮು ಆಕಾಶ ನೋಡಿ ಮುಗುಳ್ನಕ್ಕ. ಚಿಮಣಿಯಿಂದ ಒಂದೆಳೆ ಹೊಗೆಯೂ ಇಲ್ಲ. ಅಷ್ಟರಲ್ಲಿ ಒಲೆಯ ಬಾಯಿಂದ ಕಪ್ಪು ಮೋಡವೊಂದು ಹೊರಬಂದು ಮೊದಲು ಬಸಣ್ಣನನ್ನು ನುಂಗಿತು. ಆಮೇಲೆ ಶೋಕೇಸನ್ನು, ಅಂಗಡಿಯನ್ನು, ಪಕ್ಕದ ದರ್ಜಿಯನ್ನು. ಬಸಣ್ಣ ತನ್ನ ಜೀವನದಲ್ಲಿ ಮೊದಲ ಸಲ ತಾನಾಗಿಯೇ ಎಚ್ಚರವಾಗಿ ರಸ್ತೆಗೆ ಓಡಿದ. ಯಾರದೋ ಹುಟ್ಟುಹಬ್ಬಕ್ಕೆಂದು ಮಾಡಿಟ್ಟ ಬಿಳಿ ಕೇಕು ಬೂದಿ ಬಣ್ಣಕ್ಕೆ ತಿರುಗಿತು. ಮಹಡಿ ಮನೆಯವರು ಕೆಮ್ಮುತ್ತ, ಪಾಸ್‌ಬುಕ್ಕು ಒಡವೆ ಹಿಡಿದು ಮೆಟ್ಟಿಲಿಳಿದರು.

ಮಾನಪ್ಪನವರು ಕಾಯುತ್ತಿದ್ದ ಘಳಿಗೆ ಇದೇ. “ಯಾರೂ ಗಾಬರಿಯಾಗ್ಬೇಡಿ! ಎಲ್ಲರೂ ಗಾಬರಿಯಾಗ್ಬೇಡಿ!” ಎಂದು ಎಲ್ಲರಿಗಿಂತ ಹೆಚ್ಚು ಗಾಬರಿಯಿಂದ ಕೂಗಾಡಿ, ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿದರು. ಕೆಂಪು ಗಾಡಿ ಗಂಟೆ ಬಾರಿಸುತ್ತ ಬಂದಿತು. ಬೆಂಕಿ ಎಲ್ಲಿ ಎಂದು ಹುಡುಕಿ, ಸಿಗದೆ, ಬಂದದ್ದಕ್ಕೆ ಬರಿಗೈಯಲ್ಲಿ ಹೋಗಬಾರದೆಂದು ಇಡೀ ಬೇಕರಿಗೆ ನೀರು ಹೊಡೆದರು. ಹೋಗುವಾಗ ಅವರ ಮುಖ್ಯಸ್ಥ, “ಚಿಮಣಿ ಪೂರ್ತಿ ಹೊಸದಾಗಿ ಕಟ್ಟಿಸೋವರೆಗೂ ಈ ಒಲೆಗೆ ಕಡ್ಡಿ ಗೀರಂಗಿಲ್ಲ” ಎಂದು ಕಟ್ಟುನಿಟ್ಟಾಗಿ ಹೇಳಿಹೋದ.

ಕೆಂಪು ಗಾಡಿ ತಿರುವಿನಲ್ಲಿ ಮರೆಯಾಗುತ್ತಲೇ ಪೀರಪ್ಪನವರ ಜೀಪು ಬಂದಿತು. ಅವರು ಇಳಿದು ಚಿಮಣಿ ನೋಡಿದರು.

“ಹೊಗಿ ಸುಳಿವೇ ಇಲ್ಲಲ್ರೀ!”

“ಇಲ್ಲ ಸಾರ್” ಎಂದ ಅನಂತರಾಮು. ಮಾತಿನ ಹಿಂದೆಯೇ ಕೆಮ್ಮು ಬಂದಿತು.

“ಒಲಿ ಮುಟ್ಟಿದ್ರ ತಣ್ಣಗೈತಿ! ನೆಲ ಎಷ್ಟು ಸ್ವಚ್ಛ ತೊಳದೀರಿ! ಇಡೀ ಬೆಂಗಳೂರಾಗ ಇಂಥಾ ಬೇಕರಿ ನೋಡಿಲ್ರೀ ನಾನು.” ಪೀರಪ್ಪನವರ ಕಣ್ಣಲ್ಲಿ ನೀರಾಡಿತು. ಅದು ಸಂತೋಷಕ್ಕೋ ಗಾಳಿಯಲ್ಲಿ ಉಳಿದಿದ್ದ ಹೊಗೆಗೋ ಹೇಳುವುದು ಕಷ್ಟ.

ಒಲೆ ಇಲ್ಲದ ಬೇಕರಿ ನಡೆಯುವುದು ಹೇಗೆ? ಅನಂತರಾಮು ಹಾಸಿಗೆ ಹಿಡಿದಂತೆ ಮಲಗಿದ. ವಿಷಯ ತಿಳಿದ ಅಕ್ತರ್ ಓಡಿ ಬಂದ. ಗೋಣಿಚೀಲದ ಬುದ್ಧಿ ಹೇಳಿದ್ದಕ್ಕೆ ತಾಯಿ ಅವನಿಗೆ ಸರಿಯಾಗಿ ಮಂಗಳಾರತಿ ಎತ್ತಿದ್ದರು. ಅವನು ತಲೆ ತಗ್ಗಿಸಿಕೊಂಡೇ ಹೇಳಿದ.

“ಸ್ವಾಮಿ, ಅಮ್ಮಾ ಹೇಳಿ ಕಳಿಸಿದಾರೆ. ನಮ್ಮ ಒಲೆ ಬೆಳಗಾಗೋ ಮುಂಚೆ ಹಚ್ತೀವಿ. ಮಧ್ಯಾಹ್ನಕ್ಕೆ ನಮ್ದು ಕೆಲಸ ಖತಂ. ಆಮೇಲೂ ಸಾಯಂಕಾಲದ ತನಕ ಒಳಗೆ ಕಾವು ಸುಮ್ನೆ ಕೂತಿರ್ತದೆ. ನಿಮ್ದು ಬ್ರೆಡ್ಡು ಬನ್ನು ತಂದು ಅದ್ರಲ್ಲಿ ಬೇಯಿಸ್ಕೊಳ್ಳಿ.”

ಅನಂತರಾಮು ಎದ್ದು ಕೂತ. ಆದರೆ ಅಂಬುಜಾ ಬಾಗಿಲ ಬಳಿ ನಿಂತು ಇನ್ನೊಂದು ಪ್ರಶ್ನೆ ಎತ್ತಿದಳು. ಅವರ ಬೇಕರಿಯದು ಮೊಟ್ಟೆ ಇಲ್ಲದ ಪದಾರ್ಥ. ಬಡಾವಣೆಯ ಅರ್ಧ ಜನ ಅದಕ್ಕೇ ಬರುವವರು. ಅವಳು ತಾನೇ ಶಿವಾಜಿನಗರಕ್ಕೆ ಹೋಗಿ ನೋಡಿ ಬರುತ್ತೇನೆಂದಳು. ಹೋದವಳು ಸಂಜೆಯಾದರೂ ಬರಲಿಲ್ಲ. ಬಂದಾಗ ಕೈಯಲ್ಲಿ ಶರ್ಫುನ್ನೀಸಾ ಕೊಟ್ಟ ಖರ್ಜೂರದ ಪೊಟ್ಟಣವಿತ್ತು.

“ನಿಮ್ಮ ಟ್ರೇ ಬೇರೆ, ಸಲಾಕೆ ಬೇರೆ, ಹಿಟ್ಟು ಕಲಸೋ ಜಾಗ ಬೇರೆ. ಯಾರಾದ್ರೂ ಬೆರೆಸಿದ್ರೆ ಕೈ ಮುರೀತೀನಿ ಅಂತ ಅಮ್ಮ ಅಕ್ತರ್ ಭಾಯಿಗೇ ಹೇಳಿದ್ರು ಕಣ್ರೀ. ನಮ್ಮತ್ತೆ ಕೂಡ ಮಡಿಯಲ್ಲಿ ಇಷ್ಟು ಕಟ್ಟುನಿಟ್ಟಿರಲಿಲ್ಲ.”

ಅಕ್ತರನ ಲಗೇಜ್ ಆಟೋ ದಿನವೂ ಮಾರತ್ತಹಳ್ಳಿಯ ಅಂಗಡಿಗಳಿಗೆ ಬನ್ನು ಹಾಕಲು ಅರ್ಧ ಖಾಲಿಯಾಗಿಯೇ ಹೋಗುತ್ತಿತ್ತು. ದಾರಿಯಲ್ಲಿ ಜೀವನ್ ಬಿಮಾ ನಗರಕ್ಕೆ ತಿರುಗಿ, ಅನಂತರಾಮುವಿನ ಟ್ರೇಗಳನ್ನು ಇಳಿಸಿ ಮುಂದೆ ಹೋಗುವುದೆಂದಾಯಿತು. ಅದು ಬರುತ್ತಿದ್ದದ್ದು ಸಂಜೆ ನಾಲ್ಕಕ್ಕೆ. ಮೊದಲಾದರೆ ಶೋಕೇಸ್ ತುಂಬಿರಬೇಕೆಂದು ದಿನವಿಡೀ ಸ್ವಲ್ಪ ಸ್ವಲ್ಪ ಬೇಯಿಸುತ್ತಿದ್ದರು. ಈಗ ದಿನಕ್ಕೆ ಒಂದೇ ಸಲ, ಬಿಸಿಬಿಸಿ, ಅಷ್ಟೇ.

ಬಡಾವಣೆ ದಂಗೆಯೆದ್ದಿತು. ಮಾನಪ್ಪನವರೇ ಮುಂದಾಳು.

“ಅಂಬುಜಮ್ಮಾ, ನಂಗೆ ಹನ್ನೊಂದು ಗಂಟೆಗೆ ಪಫ್ಸ್ ಬೇಕು. ರಿಟೈರ್ ಆದ್ಮೇಲೆ ನಂಗೆ ಉಳಿದಿರೋ ಟೈಂಟೇಬಲ್ ಅದೊಂದೇ ಕಣಮ್ಮಾ!”

“ನಾಲ್ಕಕ್ಕೆ ಬನ್ನಿ ಸಾರ್. ಎಷ್ಟು ಬೇಕು ಅಂತ ಇವತ್ತೇ ಹೇಳಿ ಹೋಗಿ, ಎತ್ತಿಡ್ತೀನಿ.”

ಅವರು ಸಿಟ್ಟಿನಿಂದ ಹೋದರು. ನಾಲ್ಕಕ್ಕೆ ಎಲ್ಲರಿಗಿಂತ ಮೊದಲು ಬಂದು ನಿಂತರು. ಅವರ ಹೆಂಡತಿ ಗುಟ್ಟಾಗಿ ಬಂದು ಅಂಬುಜಾಳ ಕೈ ಹಿಡಿದು, “ಈಗ ಮಧ್ಯಾಹ್ನ ನಾನು ಮಾಡಿದ್ದನ್ನ ಊಟ ಮಾಡ್ತಾರೆ ಕಣಮ್ಮ, ನೀನು ನೂರು ವರ್ಷ ಬಾಳು” ಎಂದರು. ನಾಲ್ಕು ಗಂಟೆಯ ಸಾಲು ಬರಬರುತ್ತ ಬಡಾವಣೆಯ ಹರಟೆ ಕಟ್ಟೆಯೇ ಆಯಿತು. ಸಾಲಿನಲ್ಲೇ ಹುಡುಗಿಯರಿಗೆ ವರ ನೋಡುವುದು, ಬಾಡಿಗೆ ಮನೆ ಗೊತ್ತು ಮಾಡುವುದು ಎಲ್ಲ ನಡೆಯುತ್ತಿತ್ತು. ಮುನ್ನಾದಿನವೇ ಹೇಳಿ ಹೋಗುತ್ತಿದ್ದುದರಿಂದ ಒಂದು ಬನ್ನೂ ಮಿಗುತ್ತಿರಲಿಲ್ಲ. ಇಡಲು ಏನೂ ಇಲ್ಲದ ಶೋಕೇಸಿಗೆ ಬೆಳಕೇಕೆ ಎಂದು ಅಂಬುಜಾ ಬಲ್ಬುಗಳನ್ನು ಆರಿಸಿದಳು. ಐಸ್‌ಕ್ರೀಮ್ ಫ್ರಿಜ್ಜನ್ನು ಕಂಪನಿಯವರಿಗೇ ಹಿಂದಿರುಗಿಸಿದಳು. ಇವೆರಡೂ ಹೋದ ಮೇಲೆ ಜನರೇಟರಿಗೆ ಕೆಲಸವೇ ಇಲ್ಲವಾಗಿ, ಅದರ ಮೇಲೆ ಬಸಣ್ಣ ಚಾಪೆ ಹಾಸಿ ಮಲಗತೊಡಗಿದ.

ಇಷ್ಟೆಲ್ಲ ತನ್ನ ಮೂಗಿನ ಕೆಳಗೇ ನಡೆಯುತ್ತಿದ್ದರೂ ಅನಂತರಾಮುವಿಗೆ ಏನೂ ಕಾಣಲಿಲ್ಲ. ಅವನ ಕಣ್ಣಿಗೆ ಕಂಡದ್ದು ತಣ್ಣಗಿನ ಒಲೆ, ಕತ್ತಲೆಯ ಶೋಕೇಸು, ಮತ್ತು ಹತ್ತಿರ ಬರುತ್ತಿರುವ ಮೇಡಂ. ಬೇಕರಿ ಎಂದು ನೋಡಲು ಬಂದವರಿಗೆ ತೋರಿಸುವುದೇನು, ಬಸಣ್ಣ ನಿದ್ದೆ ಮಾಡುವುದನ್ನೇ?

ಆ ದಿನ ಬಂದೇಬಂದಿತು. ಮೇಡಂ ನಾಲ್ಕೂವರೆಗೆ ಬರುತ್ತಾರೆಂದು ಹೇಳಿಕಳಿಸಿದ್ದರು. ಮೂರು ಗಂಟೆಯ ಹೊತ್ತಿಗೆ ಅನಂತರಾಮುವಿನ ಧೈರ್ಯ ಕೆಟ್ಟಿತು. ಅಗ್ನಿಶಾಮಕದವರು ಏನಾದರೂ ಅಂದುಕೊಳ್ಳಲಿ, ಒಂದು ಸಣ್ಣ ಉರಿ ಹಾಕಿ ಒಂದೇ ಒಂದು ಟ್ರೇ ಬಿಸ್ಕತ್ತು ಬೇಯಿಸಿಬಿಡೋಣ ಎಂದು ತೀರ್ಮಾನಿಸಿದ. ಒಲೆಯ ಒಳಗೆ ಹಳೆಯ ಬೂದಿ ಗಟ್ಟಿಕಟ್ಟಿತ್ತು. ಅದನ್ನು ಎಳೆಯಲು ಸೊಂಟದವರೆಗೂ ಒಳಗೆ ನುಗ್ಗಿದ. ನುಗ್ಗಿದ್ದು ಸುಲಭವಾಯಿತು. ಹಿಂದೆ ಬರಲು ಹೋದರೆ ಪ್ಯಾಂಟಿನ ಬೆಲ್ಟು ಒಲೆಯ ಕಬ್ಬಿಣದ ಬಾಗಿಲಿಗೆ ಸಿಕ್ಕಿಕೊಂಡಿತು.

ಮೇಡಂಗೆ ಅಂದಿನ ಇನ್ನೊಂದು ಸಭೆ ರದ್ದಾಗಿ, ಅವರು ಮುಂಚೆಯೇ ಬಂದುಬಿಟ್ಟರು. ಕಾರಿನಿಂದ ಹತ್ತಿ ಸೀರೆಯುಟ್ಟ ಗಂಭೀರ ಹೆಂಗಸು ಇಳಿದರು. ಹಿಂದೆ ಪೀರಪ್ಪನವರು, ಅವರ ಹಿಂದೆ ಹೂವಿನ ಹಾರ ಹಿಡಿದ ಮಾನಪ್ಪನವರು. ಅಂಗಡಿ ಕತ್ತಲು. ಶೋಕೇಸು ಖಾಲಿ.

“ಪೀರಪ್ಪ, ಇವತ್ತು ಅಂಗಡಿ ರಜಾನಾ?”

“ಇಲ್ರೀ ಮೇಡಂ, ಅದು... ಒಳಗ ನೋಡೋಣ ಬರ್ರೀ.”

ಒಳಗೆ ಹೋಗಿ ನೋಡಿದರೆ ಒಲೆಯ ಬಾಯಿಂದ ಎರಡು ಕಾಲುಗಳು ಹೊರಗೆ ಚಾಚಿಕೊಂಡು ಗಾಳಿಯಲ್ಲಿ ಒದೆಯುತ್ತಿದ್ದವು. ಮೇಡಂ ನಿಂತಲ್ಲೇ ನಿಂತರು. “ಇದೇನು?”

ಪೀರಪ್ಪನವರು ಸರ್ಕಾರಿ ಸೇವೆಯಲ್ಲಿ ಕಲಿತದ್ದನ್ನೆಲ್ಲ ಒಂದು ಕ್ಷಣದಲ್ಲಿ ಒಟ್ಟುಗೂಡಿಸಿ ಹೇಳಿದರು. “ಮಾಲೀಕರು, ಮೇಡಂ. ಭಾಳ ಆಳಕ್ಕ ಇಳದು ಅಭ್ಯಾಸ ಮಾಡ್ತಾರ.”

ಮಾನಪ್ಪನವರು ಒಂದು ಕಾಲು, ಬಸಣ್ಣ ಇನ್ನೊಂದು ಕಾಲು ಹಿಡಿದೆಳೆದರು. ಅನಂತರಾಮು ಹೊರಬಂದ. ತಲೆಯಿಂದ ಸೊಂಟದವರೆಗೆ ಕಪ್ಪು; ನಡುವೆ ಎರಡು ಕಣ್ಣು ಮಾತ್ರ ಬಿಳಿ. ಎದುರಿಗೆ ಮೇಡಂ. ಗಾಬರಿಗೆ ಮಾನಪ್ಪನವರು ಕೈಯಲ್ಲಿದ್ದ ಹಾರವನ್ನು ಮೇಡಂ ಕೊರಳಿಗೆ ಹಾಕುವ ಬದಲು ಅನಂತರಾಮುವಿನ ಕೊರಳಿಗೆ ಹಾಕಿಬಿಟ್ಟರು.

ಇನ್ನು ಮುಚ್ಚಿಡಲು ಉಳಿದದ್ದೇನು? ಅನಂತರಾಮು ಮಸಿ ಹತ್ತಿದ ಎರಡೂ ಅಂಗೈ ಚಾಚಿ ತೋರಿಸಿದ.

“ಮೇಡಂ, ನಾನು ಕಾರ್ಬನ್ ಅಂದ್ರೆ ಇದು ಅಂದ್ಕೊಂಡಿದ್ದೆ. ಬ್ರೆಡ್ ತಳದಿಂದ ಕೆರೆದು ಹಾಕಿದ್ದೆ, ಅದನ್ನೇ ಸಭೆಯಲ್ಲಿ ಹೇಳ್ಬಿಟ್ಟೆ. ನನ್ನ ಬೇಕರಿಯಲ್ಲಿ ನೀವು ಹೇಳೋ ಕಾರ್ಬನ್ ಒಂದು ಚೂರೂ ಕಡಿಮೆ ಆಗಿಲ್ಲ. ಪೀರಪ್ಪನೋರಿಗೆ ಏನೂ ಮಾಡ್ಬೇಡಿ, ಪಾಪ ಅವರದೇನೂ ತಪ್ಪಿಲ್ಲ.”

ಪೀರಪ್ಪನವರು ಮೆಲ್ಲಗೆ ಮೈದಾ ಮೂಟೆಯ ಮೇಲೆ ಕೂತರು. ಕಣ್ಮುಂದೆ ಅವರಿಗೆ ಯಾವುದೋ ದೂರದ ಊರಿನ ಬಸ್ ನಿಲ್ದಾಣ ಕಾಣಿಸಿತು.

ಮೇಡಂ ಮುಖದಲ್ಲಿ ನಗೆಯೂ ಇಲ್ಲ, ಸಿಟ್ಟೂ ಇಲ್ಲ. “ಈ ಒಲೆ ದಿನಕ್ಕೆ ಎಷ್ಟು ಹೊತ್ತು ಉರಿಸ್ತೀರಿ?”

“ಹಚ್ಚೇ ಇಲ್ಲ ಮೇಡಂ. ದಸರಾಕ್ಕೂ ಮುಂಚಿನಿಂದ.”

“ಜನರೇಟರು?”

“ಅದರ ಮೇಲೆ ಬಸಣ್ಣ ಮಲಗ್ತಾನೆ.”

“ದೀಪ? ಫ್ರಿಜ್ಜು?”

“ಇವಳು ಆರಿಸ್ಬಿಟ್ಟಿದಾಳೆ. ಫ್ರಿಜ್ಜು ವಾಪಸ್ ಕೊಟ್ಬಿಟ್ಲು” ಎಂದು ಅನಂತರಾಮು ಗದ್ದಲ ಕೇಳಿ ಬಂದು ನಿಂತಿದ್ದ ಅಂಬುಜಾಳತ್ತ ಕೈ ತೋರಿಸಿದ.

“ಹಾಗಾದ್ರೆ ವ್ಯಾಪಾರ ನಿಂತುಹೋಗಿದೆ.”

“ಎಲ್ಲಿ ನಿಂತಿದೆ ಮೇಡಂ?” ಎಂದಳು ಅಂಬುಜಾ. “ಹೊರಗೆ ನೋಡಿ.”

ಹೊರಗೆ ನಾಲ್ಕು ಗಂಟೆಯ ಸಾಲು ತಿರುವಿನವರೆಗೂ ಬೆಳೆದಿತ್ತು. ಲಗೇಜ್ ಆಟೋ ಬಂದು ನಿಂತಿತು. ಅಕ್ತರ್ ಇಳಿದು, ಬಿಸಿ ಟ್ರೇಗಳನ್ನು ಎತ್ತಿಕೊಂಡು ಬಂದ. ಮೇಡಂ ಅವನನ್ನು ಒಂದೊಂದಾಗಿ ಕೇಳಿದರು. ಅವನು ಒಂದು ಒಲೆ, ಎರಡು ಅಂಗಡಿ, ಮಿಕ್ಕಿದ ಕಾವು, ಖಾಲಿ ಆಟೋ ಎಲ್ಲವನ್ನೂ ಹೇಳಿದ. ಮೇಡಂ ಕೇಳುತ್ತ ಕೇಳುತ್ತ ಸಾಲಿನ ನಡುವೆ ನಿಂತುಬಿಟ್ಟಿದ್ದರು. ಹಿಂದಿದ್ದ ಅಜ್ಜಿಯೊಬ್ಬರು, “ಏನಮ್ಮಾ, ಮಧ್ಯದಲ್ಲಿ ನುಗ್ತೀಯಾ? ಹಿಂದೆ ಹೋಗು” ಎಂದು ಗದರಿದರು. ವಿಧಾನಸೌಧದ ಮೇಡಂ ಸಾಲಿನ ಕೊನೆಗೆ ಹೋಗಿ ನಿಂತರು. ಅವರ ಸರದಿ ಬರುವವರೆಗೂ ಪೀರಪ್ಪನವರು ಉಸಿರಾಡಿದರೋ ಇಲ್ಲವೋ.

ಬನ್ನು ಮುರಿದು ಬಾಯಿಗೆ ಹಾಕಿಕೊಂಡ ಮೇಲೆ ಮೇಡಂ ಜೋರಾಗಿ ನಕ್ಕರು. “ಅನಂತರಾಮು, ನೀವು ಆಡಿದ ಸುಳ್ಳು ನಿಮಗೆ ತಿಳೀದ ಹಾಗೆ ನಿಜ ಆಗ್ಬಿಟ್ಟಿದೆ ಕಣ್ರೀ. ಮುಕ್ಕಾಲು ಅಂದಿದ್ರಲ್ಲ, ನನಗನ್ನಿಸುತ್ತೆ ಅದಕ್ಕಿಂತ ಕಡಿಮೆ ಏನಿಲ್ಲ. ಪೀರಪ್ಪ, ಈ ಇಬ್ಬರಿಗೂ ಸೇರಿ ಸೌದೆ ಕಡಿಮೆ ತಿನ್ನೋ ಹೊಸ ಒಲೆ ಒಂದು ಕಟ್ಟಿಸಿಕೊಡಿ.”

“ಆಗಂಗಿಲ್ರೀ ಮೇಡಂ” ಎಂದರು ಪೀರಪ್ಪನವರು ಅಳುದನಿಯಲ್ಲಿ. “ನಿಯಮದಾಗ ಒಬ್ಬರಿಗೆ ಒಂದು ಒಲಿ. ಇಬ್ಬರಿಗೆ ಸೇರಿ ಒಂದು ಒಲಿ ಅನ್ನೋದು ಇಲ್ಲ.”

“ಎಂಥ ನಿಯಮ ರೀ ಅದು! ಬರೆದೋರು ಜನ್ಮದಲ್ಲಿ ಒಂದು ಬೇಕರಿ ನೋಡಿಲ್ಲ ಅಂತ ಕಾಣುತ್ತೆ. ಯಾರು ಬರೆದದ್ದು?”

ಪೀರಪ್ಪನವರು ಬೂಟಿನ ತುದಿ ನೋಡಿಕೊಂಡರು. “ತಾವೇ ರೀ, ಮೇಡಂ.”

ಬನ್ನು ಕೈಯಲ್ಲೇ ಉಳಿಯಿತು. ಸಾಲಿನಲ್ಲಿದ್ದವರೆಲ್ಲ ಏಕಕಾಲಕ್ಕೆ ಬೇರೆ ಕಡೆ ನೋಡಿದರು. ಮೇಡಂ ಉಳಿದ ಬನ್ನನ್ನು ನಿಧಾನವಾಗಿ ತಿಂದು ಮುಗಿಸಿ, ಸೆರಗಿನಿಂದ ಕೈ ಒರೆಸಿಕೊಂಡು, “ಹಾಗಿದ್ರೆ ತಿದ್ದೋದು ಸುಲಭ ಆಯ್ತು” ಎಂದರು.

ತಿದ್ದಿದರು ಕೂಡ. ಸಂಕ್ರಾಂತಿ ಕಳೆಯುವಷ್ಟರಲ್ಲಿ ಅಕ್ತರನ ಹಿತ್ತಿಲಿನಲ್ಲಿ ದಪ್ಪ ಗೋಡೆಯ ಹೊಸ ಒಲೆ ಎದ್ದಿತು. ಹಳೆಯದರ ಅರ್ಧ ಸೌದೆಯಲ್ಲಿ ಎರಡು ಬೇಕರಿಗಳ ಕೆಲಸ ಮುಗಿಯತೊಡಗಿತು. ಸುದ್ದಿ ಕೇಳಿ ಹಲಸೂರಿನ, ಕೆ.ಆರ್. ಪುರದ ಬೇಕರಿಯವರು ತಮಗೂ ಜೋಡಿ ಹುಡುಕಿಕೊಡಿ ಎಂದು ಪೀರಪ್ಪನವರ ಕಚೇರಿಗೆ ಬರತೊಡಗಿದರು. ವರ್ಗದ ಮಾತು ನಿಂತುಹೋಗಿ, ಪೀರಪ್ಪನವರು ಮದುವೆ ದಲ್ಲಾಳಿಯಂತೆ ಯಾರ ಒಲೆಗೆ ಯಾರ ಹಿಟ್ಟು ಹೊಂದುತ್ತದೆ ಎಂದು ನೋಡುವುದರಲ್ಲೇ ಮುಳುಗಿಹೋದರು.

ತಿದ್ದಿದ ನಿಯಮದಲ್ಲಿ ಒಂದು ಸಣ್ಣ ಮಾತಿತ್ತು. ಜಂಟಿ ಒಲೆಯವರು ಎರಡೂ ಅಂಗಡಿಗಳ ಮೇಲೆ ಜಂಟಿ ಹೆಸರಿನ ಬೋರ್ಡು ಹಾಕಬೇಕು. ಅನಂತರಾಮು ಪೇಂಟರನಿಗೆ ಎರಡು ಬೇಕರಿಗಳ ಹೆಸರನ್ನೂ ಹೇಳಿ ಬಂದ. ಪೇಂಟರ್ ಜಾಗ ಉಳಿಸಲು ನಡುವಿನದನ್ನೆಲ್ಲ ಬಿಟ್ಟು, ಕೆಂಪು ಅಕ್ಷರದಲ್ಲಿ, ಒಂದೇ ಸಾಲಿನಲ್ಲಿ ಬರೆದು ತಂದು ನೇತುಹಾಕಿದ: ‘ಅಂಬುಜಾ ಅಕ್ತರ್ ಬೇಕರಿ’.

ಬೆಳಿಗ್ಗೆ ಮೊದಲು ಬಂದವರು ಮಾನಪ್ಪನವರು. ಅವರು ಅನಂತರಾಮುವಿನ ಭುಜದ ಮೇಲೆ ಕೈಯಿಟ್ಟು, “ಧೈರ್ಯವಾಗಿರಿ. ಇಂಚರಾ ಓದು ಮುಗಿಯೋವರೆಗಾದ್ರೂ ಧೈರ್ಯವಾಗಿರಿ” ಎಂದರು. ಜೆರಾಕ್ಸ್ ಅಂಗಡಿಯವನು ದೂರದಿಂದಲೇ ಕೈಮುಗಿದು ಹೋದ. ಯಾರು ಫೋನ್ ಮಾಡಿದರೋ, ಮಧ್ಯಾಹ್ನದ ಹೊತ್ತಿಗೆ ಅಂಬುಜಾಳ ಅಣ್ಣ ಕೋಲಾರದಿಂದ ಟ್ಯಾಕ್ಸಿ ಮಾಡಿಕೊಂಡು ಬಂದಿಳಿದ. “ಎಲ್ಲಿ ಅವಳು? ನಾನು ಮಾತಾಡ್ತೀನಿ, ನೀವು ಸುಮ್ನಿರಿ ಭಾವ” ಎಂದು ಒಳನುಗ್ಗಿದವನು, ಒಳಗೆ ತಂಗಿ ಬನ್ನು ಎಣಿಸುತ್ತಿರುವುದನ್ನು ಕಂಡು ಬಾಗಿಲಲ್ಲೇ ನಿಂತ.

ಅತ್ತ ಶಿವಾಜಿನಗರದಲ್ಲೂ ಬೋರ್ಡು ಏರಿತ್ತು. ಶರ್ಫುನ್ನೀಸಾ ಕನ್ನಡಕ ಹಾಕಿಕೊಂಡು ಅದನ್ನು ಅಕ್ಷರ ಅಕ್ಷರವಾಗಿ ಓದಿಸಿಕೊಂಡು, ಆಟೋದಲ್ಲಿ ನೇರ ಇಲ್ಲಿಗೇ ಬಂದರು. ಜೊತೆಗೆ ಮುಖ ಕೆಂಪಾದ ಅಕ್ತರ್. ಅಷ್ಟು ಜನರೆದುರು ಅವರು ಅಂಬುಜಾಳ ಗಲ್ಲ ಹಿಡಿದು ಕೇಳಿದರು:

“ಅಲ್ಲ ಬೇಟಿ, ಅನಂತು ಎಷ್ಟು ಒಳ್ಳೇನು. ಅವನ್ನ ಬಿಟ್ಟು ಈ ನನ್ನ ದಡ್ಡ ಮಗನ್ನ ಹೆಂಗೆ ಒಪ್ಕೊಂಡಿ? ಗೋಣಿಚೀಲದ್ದು ಬುದ್ಧಿ ಹೇಳಿದ್ದು ಇವನೇ ಅಲ್ವಾ?”

ಅಂಬುಜಾ ನಕ್ಕಳು. ನಗುತ್ತ ನಗುತ್ತ ಗಲ್ಲಾಪೆಟ್ಟಿಗೆ ಹಿಡಿದುಕೊಂಡು ಕೂತುಬಿಟ್ಟಳು. ಅವಳ ಅಣ್ಣನೂ ನಕ್ಕ, ಅಕ್ತರನೂ ನಕ್ಕ. ನಗದೆ ಇದ್ದವನು ಅನಂತರಾಮು ಒಬ್ಬನೇ. ಅವನು ಏಣಿ ತಂದು, ಸುಣ್ಣದ ಡಬ್ಬಿ ಹಿಡಿದು ಬೋರ್ಡಿನತ್ತ ಹೊರಟಿದ್ದ.

“ಇಳೀರಿ ಕೆಳಗೆ” ಎಂದಳು ಅಂಬುಜಾ. “ಬೆಳಗಿಂದ ಬೋರ್ಡ್ ನೋಡೋಕೆ ಬಂದೋರೆಲ್ಲ ನಾಳೆಗೆ ಬನ್ನು ಹೇಳಿ ಹೋಗಿದಾರೆ. ಇದೇ ಇರ್ಲಿ ಬಿಡಿ.”

ಅನಂತರಾಮು ಏಣಿಯ ಮೇಲೆ ನಿಂತು ಒಮ್ಮೆ ಬೋರ್ಡನ್ನೂ ಒಮ್ಮೆ ಅಕ್ತರನನ್ನೂ ನೋಡಿದ. ಆಮೇಲೆ ಎರಡು ಹೆಸರುಗಳ ನಡುವೆ ಸುಣ್ಣದಲ್ಲಿ ಗೋಡೆಯಷ್ಟು ದಪ್ಪದ ಗೆರೆಯೊಂದನ್ನು ಎಳೆದು, ಕೆಳಗಿಳಿದು ಬಂದು, ಭಾವಮೈದುನನಿಗೂ ಶರ್ಫುನ್ನೀಸಾ ಅಮ್ಮನಿಗೂ ಕಾಫಿ ತರಿಸಿದ.